ವಿಲ್ಲಾ, ವಿಲನ್, ಹೊಲಗೇರಿ

ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ನಾವು ಕನ್ನಡದ್ದೇ ಅನ್ನೋ ಹಾಗೆ ಬಳಸೋ ಇಂಗ್ಲಿಷ್ ಪದಗಳಲ್ಲಿ 'ವಿಲನ್' ಒಂದು. ಅಕ್ಷರ ಕಲಿಯದ ನಮ್ಮವ್ವನಿಗೂ ಅದು ಗೊತ್ತು. ಟೀವಿಯಲ್ಲಿ ವಜ್ರಮುನಿ ಬಂದ ತಕ್ಷಣ 'ಬಂದ ನೋಡು ವಿಲನ್ನು, ಇವನ ಮನೆ ಹಾಳಾಗ' ಅಂತ ಶಾಪ ಹಾಕ್ತಾಳೆ. 2018ರಲ್ಲಿ ಶಿವಣ್ಣ, ಸುದೀಪ್ ಇಬ್ಬರೂ ಇದ್ದ ಸಿನಿಮಾಕ್ಕೆ ಹೆಸರೇ 'ದಿ ವಿಲನ್'. ಯಾರೂ ಅರ್ಥ ಕೇಳಲಿಲ್ಲ. ವಿಲನ್ ಅಂದ್ರೆ ಕೆಟ್ಟವನು, ಅದಕ್ಕೇನು ಡಿಕ್ಷನರಿ ಬೇಕಾ?

ಬೇಕಿತ್ತು ಅಂತ ನನಗೆ ತೋರಿಸಿದ್ದು ಹತ್ತನೇ ಕ್ಲಾಸಿನ ಒಂದು ಹುಡುಗಿ. ಜೆ.ಪಿ. ನಗರದ ಹಿಂದೆ, ಸಾರಕ್ಕಿ ಕಡೆ, ನಮ್ಮ ಹುಡುಗರು ಸಂಜೆ ಪಾಠ ನಡೆಸ್ತಾರೆ. ಯಾರೋ ಕೊಟ್ಟ ಹಳೇ ಇಂಗ್ಲಿಷ್ ಚರಿತ್ರೆ ಪುಸ್ತಕ ಹಿಡ್ಕೊಂಡು ಬಂದಳು. 'ಅಣ್ಣಾ, ಇದ್ರಲ್ಲಿ ವಿಲನ್ನುಗಳು ದಣಿ ಹೊಲದಲ್ಲಿ ವಾರಕ್ಕೆ ಎರಡು ಮೂರು ದಿನ ಪುಕ್ಕಟೆ ದುಡೀತಾರೆ ಅಂತ ಬರೆದಿದೆ. ವಿಲನ್ ಯಾಕಣ್ಣ ದುಡೀತಾನೆ? ದುಡಿಸ್ಕೊಳ್ಳೋನಲ್ವಾ ವಿಲನ್ನು?'

ಎಂಥಾ ಪ್ರಶ್ನೆ ನೋಡಿ. ಅವತ್ತು ರಾತ್ರಿ ಡಿಕ್ಷನರಿ ಬಿಚ್ಚಿ ಕೂತವನು ಇವತ್ತಿಗೂ ಅದರಿಂದ ಎದ್ದಿಲ್ಲ.

ಲ್ಯಾಟಿನ್ನಿನಲ್ಲಿ 'ವಿಲ್ಲಾ' ಅಂದ್ರೆ ಜಮೀನಿನ ನಡುವೆ ಇರೋ ದಣಿಯ ಮನೆ, ತೋಟದ ಮನೆ. ಆ ವಿಲ್ಲಾದ ಜಮೀನಿನಲ್ಲಿ ಗೇಯೋನು 'ವಿಲ್ಲಾನುಸ್'. ಅದು ಫ್ರಾನ್ಸ್ ಮೂಲಕ ಇಂಗ್ಲೆಂಡಿಗೆ ಹೋಗಿ 'ವಿಲನ್' ಆಯ್ತು. ಕಾಗದದ ಮೇಲೆ ಈಗ ಎರಡು ಸ್ಪೆಲಿಂಗ್ ಇದೆ, ಜೀತದವನಿಗೊಂದು, ಕೆಟ್ಟವನಿಗೊಂದು. ಒಂದೇ ಅಕ್ಷರದ ವ್ಯತ್ಯಾಸ. ಬಾಯಲ್ಲಿ ಎರಡೂ ಒಂದೇ, ಹುಟ್ಟಿದ್ದೂ ಒಂದೇ ಹೊಟ್ಟೆಯಲ್ಲಿ.

1086ರಲ್ಲಿ ಇಂಗ್ಲೆಂಡಿನ ರಾಜ ತನ್ನ ನಾಡಿನ ಜಮೀನೆಲ್ಲ ಲೆಕ್ಕ ಹಾಕಿಸಿದ. ಡೂಮ್ಸ್‌ಡೇ ಬುಕ್ ಅಂತಾರೆ, ಒಂಥರಾ ಅವರ ಪಹಣಿ. ಅದರಲ್ಲಿ ಲೆಕ್ಕಕ್ಕೆ ಸಿಕ್ಕವರಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಜನ ಈ ವಿಲನ್‌ಗಳೇ. ಮುಂದಿನ ಇನ್ನೂರು ವರ್ಷದಲ್ಲಿ ಅವರ ಮೇಲಿನ ಹಗ್ಗ ಬಿಗಿಯಾಗುತ್ತಾ ಹೋಯ್ತು. ದಣಿಯ ಅಪ್ಪಣೆ ಇಲ್ಲದೆ ಊರು ಬಿಡೋ ಹಾಗಿಲ್ಲ. ಮಗಳ ಮದುವೆ ಮಾಡಬೇಕಾದ್ರೆ ದಣಿಗೆ ದುಡ್ಡು ಕಟ್ಟಬೇಕು. ಮನೆ ಯಜಮಾನ ಸತ್ತರೆ ಕೊಟ್ಟಿಗೆಯಲ್ಲಿದ್ದ ಒಳ್ಳೇ ದನವನ್ನ ದಣಿ ಹೊಡ್ಕೊಂಡು ಹೋಗ್ತಾನೆ. ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಡುಕೋದೇ ಬೇಡ, ಜೀತ.

ಅಂದ್ರೆ ವಿಲನ್ ಅಂದ್ರೆ ಜೀತದಾಳು. ಜೀತದಾಳು ಅನ್ನೋ ಪದವೇ ನಿಧಾನವಾಗಿ 'ಒರಟ', ಆಮೇಲೆ 'ನೀಚ', ಆಮೇಲೆ 'ದುಷ್ಟ' ಆಗಿಬಿಡ್ತು. ಹೊಲ ಉತ್ತವನ ಹೆಸರು ಉಣ್ಣೋರ ಬಾಯಲ್ಲಿ ಬೈಗುಳ ಆಯ್ತು. ನಮ್ಮ ಸಿನಿಮಾದಲ್ಲಂತೂ ಇದು ಪೂರ್ತಿ ತಲೆಕೆಳಗು. ವಜ್ರಮುನಿ ಜೀತದಾಳಾಗಿ ಬಂದದ್ದಕ್ಕಿಂತ ಊರ ಗೌಡನಾಗಿ, ಸಾಹುಕಾರನಾಗಿ ಬಂದದ್ದೇ ಜನರ ನೆನಪಲ್ಲಿದೆ. ಬಡವರ ಜಮೀನು ಬರೆಸ್ಕೊಳ್ಳೋ ಅವನನ್ನ ನಾವು ಅವನ ಆಳಿನ ಹೆಸರಲ್ಲಿ ಬೈತಿದೀವಿ!

ಇದೊಂದೇ ಅಲ್ಲ. ಹಳೇ ಇಂಗ್ಲಿಷಿನಲ್ಲಿ 'ಚರ್ಲ್' ಅಂತ ಇನ್ನೊಂದು ಪದ. 1066ಕ್ಕೆ ಮುಂಚೆ ಅದರ ಅರ್ಥ ಸ್ವತಂತ್ರ ರೈತ, ಸಾಮಾನ್ಯ ಮನುಷ್ಯ. ನಾರ್ಮನ್ನರು ಬಂದು ಗೆದ್ದು ಕೂತ ಮೇಲೆ ಅದು ಇಳೀತಾ ಇಳೀತಾ ಒಡ್ಡ, ಒರಟ, ಕೀಳು ಮನುಷ್ಯ ಆಯ್ತು. ಅದೇ ಬೇರಿನ ಅಣ್ಣತಮ್ಮ ಪದ ಜರ್ಮನ್ ಕಡೆಯ 'ಕಾರ್ಲ್'. ಅದರಿಂದ ಬಂದ ಹೆಸರೇ ಚಾರ್ಲ್ಸ್. 2023ರ ಮೇ ತಿಂಗಳಲ್ಲಿ ಕಿರೀಟ ಇಟ್ಕೊಂಡ ರಾಜನ ಹೆಸರೂ ಒಬ್ಬ ಕೀಳು ಮನುಷ್ಯನ ಬೈಗುಳವೂ ಒಂದೇ ಬೇರಿನವು. ಪದಕ್ಕೆ ತನ್ನದೇ ಆದ ಕೊಳೆ ಅಂತ ಇರಲ್ಲ ಅಂತ ನಾನು ಹೇಳೋದು ಇದಕ್ಕೇ. ಯಾರ ತಲೆ ಮೇಲೆ ಕೂತಿದೆ ಅನ್ನೋದರ ಮೇಲೆ ಅದು ಕಿರೀಟವೋ ಕಸದ ಬುಟ್ಟಿಯೋ ಆಗುತ್ತೆ. 'ಜೆಂಟಲ್‌ಮನ್' ಕೂಡ ಹಾಗೇ. ಮೂಲದಲ್ಲಿ ಒಳ್ಳೇ ಕುಲದಲ್ಲಿ ಹುಟ್ಟಿದವನು ಅಂತ ಅರ್ಥ, ಒಳ್ಳೇ ಗುಣ ಆಮೇಲೆ ಸೇರಿಸಿದ್ದು. ಕುಲೀನ ಅಂತ ನಮ್ಮಲ್ಲೂ ಇದೆಯಲ್ಲ.

ಈಗ ನಮ್ಮ ಪದಕ್ಕೆ ಬರ್ತೀನಿ. ಹೊಲೆಯ. ಈ ಪದ ಎಲ್ಲಿಂದ ಬಂತು ಅಂತ ಎರಡು ವಾದ ಇದೆ. ಹೊಲದಲ್ಲಿ ದುಡಿದವನು ಹೊಲೆಯ ಅನ್ನೋದು ಒಂದು. ಹಳಗನ್ನಡದ 'ಪೊಲೆ', ಅಂದ್ರೆ ಮೈಲಿಗೆ, ಅದರಿಂದ ಬಂದದ್ದು ಅನ್ನೋದು ಇನ್ನೊಂದು. ನಮ್ಮವರಲ್ಲಿ ಎಷ್ಟೋ ಜನ ಮೊದಲನೇದನ್ನ ಹಿಡ್ಕೊಂಡು ಎದೆ ಉಬ್ಬಿಸ್ತಾರೆ, 'ನಾವು ಹೊಲದವರು, ಈ ನೆಲದ ಒಡೆಯರು' ಅಂತ. ಪಂಡಿತರು ಎರಡನೇದನ್ನ ತಂದು ತಣ್ಣೀರು ಎರಚ್ತಾರೆ. ನನಗೆ ಈ ಜಗಳದಲ್ಲಿ ಈಗ ಆಸಕ್ತಿ ಉಳಿದಿಲ್ಲ. ಯಾಕಂದ್ರೆ ವಿಲನ್ ಪದಕ್ಕೆ ಯಾವ ಮೈಲಿಗೆಯ ಬೇರೂ ಇರಲಿಲ್ಲ, ಅಪ್ಪಟ ಹೊಲದ ಪದ. ಆದ್ರೂ ಕೊಳಕಾಯ್ತಲ್ಲ? ದುಡಿಯೋನು ಕೆಳಗಿದ್ದಾನೆ ಅನ್ನೋ ಕಾರಣ ಒಂದೇ ಸಾಕಾಯ್ತು.

ಇನ್ನೊಂದು ಮಾತು, ಕೆಲವರಿಗೆ ಬೇಜಾರಾಗಬಹುದು, ಆಗಲಿ. 'ಹುಟ್ಟಿನಿಂದ ಯಾರೂ ಹೊಲೆಯರಲ್ಲ, ಕೆಟ್ಟ ಕೆಲಸ ಮಾಡೋನೇ ನಿಜವಾದ ಹೊಲೆಯ' ಅನ್ನೋ ಅರ್ಥದ ಮಾತನ್ನ ನಾವು ವೇದಿಕೆ ಮೇಲೆ ಚಪ್ಪಾಳೆ ತಟ್ಟಿ ಕೇಳ್ತೀವಿ. ಹೇಳಿದವರು ದೊಡ್ಡವರು, ಅವರ ಕಾಲದಲ್ಲಿ ಅದು ದೊಡ್ಡ ಧೈರ್ಯ, ನನಗೆ ಅವರ ಮೇಲೆ ಗೌರವ ಇದೆ. ಆದ್ರೆ ಆ ಮಾತಿನೊಳಗೆ ಏನಾಗಿದೆ ನೋಡಿ. ಜಾತಿಯನ್ನ ಅಳಿಸಿದ್ದಾರೆ, ಬೈಗುಳವನ್ನ ಉಳಿಸಿದ್ದಾರೆ. ನಮ್ಮಪ್ಪನ ಹೆಸರು ಕೆಟ್ಟತನದ ಹೆಸರಾಗಿಯೇ ಉಳೀತು. ವಿಲನ್ ನಡೆದ ದಾರಿಯೂ ಇದೇ. ಅದಕ್ಕೇ ಸಿದ್ದಲಿಂಗಯ್ಯನವರು 1975ರಲ್ಲಿ ತಮ್ಮ ಪುಸ್ತಕಕ್ಕೆ 'ಹೊಲೆಮಾದಿಗರ ಹಾಡು' ಅಂತ ಹೆಸರಿಟ್ಟಿದ್ದು ನನಗೆ ಇವತ್ತಿಗೂ ದೊಡ್ಡದು ಅನ್ಸುತ್ತೆ. ಆ ಪದದ ಗುಣ ಏನು ಅಂತ ವಾದ ಮಾಡದೆ ನೇರ ಮುಖಪುಟಕ್ಕೆ ತಂದು ಕೂರಿಸಿದರು.

ಬನಶಂಕರಿಯವರಿಗೆ 2023ರ ಆಗಸ್ಟ್ ನೆನಪಿರಬೇಕು. ನಟ ಉಪೇಂದ್ರ ಲೈವ್ ಬಂದು ಮಾತಾಡ್ತಾ, ಊರಿದ್ದ ಮೇಲೆ ಹೊಲಗೇರಿ ಇರುತ್ತೆ ಅನ್ನೋ ಗಾದೆ ಬಳಸಿದರು. ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿಯ ದೂರಿನ ಮೇಲೆ ಚೆನ್ನಮ್ಮನಕೆರೆ ಅಚ್ಚುಕಟ್ಟು ಪೊಲೀಸ್ ಠಾಣೆಯಲ್ಲಿ ದೌರ್ಜನ್ಯ ತಡೆ ಕಾಯ್ದೆ ಕೆಳಗೆ ಎಫ್‌ಐಆರ್ ಆಯ್ತು. ಅವರು ವಿಡಿಯೊ ತೆಗೆದು ಕ್ಷಮೆ ಕೇಳಿದರು. ಹೈಕೋರ್ಟ್ ಆ ಎಫ್‌ಐಆರ್‌ಗೆ ಕೂಡಲೇ ತಡೆ ಕೊಡ್ತು. ಒಬ್ಬ ನಟನನ್ನ ಹಿಡ್ಕೊಂಡು ಜಗ್ಗಾಡೋದು ನನಗೆ ಮುಖ್ಯ ಅಲ್ಲ. ಆ ವಾರ ನನ್ನ ಫೋನಿಗೆ ಬಂದ ಮೆಸೇಜುಗಳೇ ಮುಖ್ಯ. 'ಗಾದೆ ಸರ್, ನಿಮ್ಮನ್ನ ಅಂದಿದ್ದಲ್ಲ, ಎಲ್ಲಾ ಕಡೆ ಕೆಟ್ಟವರು ಇದ್ದೇ ಇರ್ತಾರೆ ಅಂತ ಅರ್ಥ ಅಷ್ಟೇ.' ಬರೆದವರಲ್ಲಿ ಓದಿದವರಿದ್ದರು, ಒಳ್ಳೆಯವರೂ ಇದ್ದರು. ಅವರ ಸಮಜಾಯಿಷಿಯನ್ನೇ ಇನ್ನೊಂದು ಸಲ ಓದಿ. ಹೊಲಗೇರಿ ಅಂದ್ರೆ ಕೆಟ್ಟವರು ಅಂತ ಅರ್ಥ ಅಷ್ಟೇ! ಆ 'ಅಷ್ಟೇ'ಯಲ್ಲೇ ಇರೋದು ಎಲ್ಲ. ನಾನು ಹುಟ್ಟಿದ ಜಾಗ ಅವರ ಬಾಯಲ್ಲಿ ಆಗಲೇ ಗುಣವಾಚಕ ಆಗಿಬಿಟ್ಟಿದೆ.

ಹಾಗಾದ್ರೆ ವಿಲನ್‌ಗೂ ನಮಗೂ ವ್ಯತ್ಯಾಸ ಏನು? ಇವತ್ತು ಲಂಡನ್ನಿನಲ್ಲಿ ನಿಂತು 'ವಿಲನ್' ಅಂತ ಕೂಗಿದ್ರೆ ಯಾರ ತಾತನಿಗೂ ನೋವಾಗಲ್ಲ. ಇವನೇ ಹುಟ್ಟಾ ವಿಲನ್ ಅಂತ ಬೆರಳು ಮಾಡಿ ತೋರಿಸೋಕೆ ಅಲ್ಲಿ ಯಾರೂ ಉಳಿದಿಲ್ಲ, ಕೇರಿಯೂ ಉಳಿದಿಲ್ಲ. ಅದು ತಾನಾಗಿ ಆದದ್ದಲ್ಲ. 1348ರಲ್ಲಿ ಬಂದ ಪ್ಲೇಗಿಗೆ ಜನ ಹುಳುಗಳ ಹಾಗೆ ಸತ್ತರು, ದುಡಿಯೋ ಕೈಗಳಿಗೆ ಬೆಲೆ ಬಂತು. 1381ರ ಜೂನ್‌ನಲ್ಲಿ ರೈತರು ದಂಗೆ ಎದ್ದು ಲಂಡನ್ನಿಗೇ ನುಗ್ಗಿದರು. ದಾರಿಯುದ್ದಕ್ಕೂ ಅವರು ಸುಟ್ಟದ್ದು ಏನನ್ನ ಗೊತ್ತಾ? ದಣಿಗಳ ಮನೆಯಲ್ಲಿದ್ದ ಕಡತಗಳನ್ನ. ಯಾರು ಯಾರ ಜೀತ ಅಂತ ಬರೆದಿಟ್ಟ ಕಾಗದಗಳನ್ನ. ಹುಡುಗ ರಾಜ ಎರಡನೇ ರಿಚರ್ಡ್ ಜೀತ ತೆಗೀತೀನಿ ಅಂತ ಮಾತು ಕೊಟ್ಟ. ಮಾರನೇ ದಿನ ಮುಂದಾಳು ವಾಟ್ ಟೈಲರ್‌ನನ್ನ ಕೊಂದರು, ಆಮೇಲೆ ಕೊಟ್ಟ ಮಾತನ್ನೂ ವಾಪಸ್ ತಗೊಂಡರು. ಆದ್ರೂ ಮುಂದಿನ ನೂರು ನೂರೈವತ್ತು ವರ್ಷದಲ್ಲಿ ಆ ಜೀತ ಒಣಗಿಹೋಯ್ತು.

ಒಣಗಿದ ಮೇಲೆ ಜಮೀನು ಏನಾಯ್ತು ಅನ್ನೋದೇ ನಮಗೆ ಬೇಕಾದ್ದು. ವಿಲನ್ ಉಳುತ್ತಿದ್ದ ತುಂಡು ನೆಲ ದಣಿಯ ಕೋರ್ಟಿನ ಕಡತದಲ್ಲಿ ದಾಖಲಾಗಿರ್ತಿತ್ತು. ಅದರ ನಕಲು ಅವನ ಕೈಗೆ ಬರ್ತಿತ್ತು. ಆ ನಕಲೇ ಅವನ ಹಕ್ಕುಪತ್ರ ಆಯ್ತು, 'ಕಾಪಿಹೋಲ್ಡ್' ಅಂತ ಹೆಸರು ಬಂತು. ರಾಜನ ಕೋರ್ಟುಗಳು ಆ ಹಕ್ಕನ್ನ ಕಾಯೋಕೆ ಶುರು ಮಾಡಿದವು. 1922ರ ಕಾಯ್ದೆಯ ಪ್ರಕಾರ 1926ರ ಜನವರಿ 1ರಂದು ಉಳಿದಿದ್ದ ಕಾಪಿಹೋಲ್ಡ್ ನೆಲವೆಲ್ಲ ಪೂರ್ತಿ ಸ್ವಂತ ಆಸ್ತಿ ಆಗಿಹೋಯ್ತು. ಅಷ್ಟೊತ್ತಿಗೆ ಅದೆಲ್ಲ ಹಳೇ ವಿಲನ್ ಮನೆತನಗಳ ಕೈಯಲ್ಲೇ ಇತ್ತು ಅಂತಲ್ಲ, ಎಷ್ಟೋ ಕೈ ಬದಲಾಗಿತ್ತು. ಬೇಲಿ ಹಾಕಿ ಬಡವರನ್ನ ಓಡಿಸಿದ ಕತೆಯೂ ಅಲ್ಲಿ ಬೇಕಾದಷ್ಟಿದೆ. ಆದ್ರೂ ಜೀತಕ್ಕೆ ಅಂಟಿಕೊಂಡಿದ್ದ ನೆಲ ಕಾನೂನಿನಲ್ಲಿ ಹಕ್ಕಿನ ನೆಲ ಆಯ್ತು. ಮನುಷ್ಯ ಬಿಡುಗಡೆ ಆದ, ಪದ ಅನಾಥ ಆಗಿ ಸಿನಿಮಾ ಸೇರ್ಕೊಳ್ತು.

ಈಗ ನಮ್ಮ ತಾತನ ನೆಲದ ಕತೆ ಕೇಳಿ.

ನಮ್ಮ ತಾತ ಕನಕಪುರ ರಸ್ತೆಯ ಕಡೆ ಒಂದು ಹಳ್ಳಿಯಲ್ಲಿ ತೋಟಿ. ಈಗಿನ ಹುಡುಗರಿಗೆ ತೋಟಿ ಅಂದ್ರೆ ಮಲ ಬಳಿಯೋನು ಅಂತ ಮಾತ್ರ ಗೊತ್ತು, ಅದೂ ಪದ ಕೆಳಗಿಳಿದ ಇನ್ನೊಂದು ಕತೆ. ಹಳ್ಳಿಯ ತೋಟಿ ಊರ ಚಾಕರಿಯವನು. ಕಂದಾಯದ ಹೊತ್ತಲ್ಲಿ ಜನರನ್ನ ಕರೀಬೇಕು, ಸಾಹೇಬರು ಬಂದ್ರೆ ಮುಂದೆ ಓಡಬೇಕು, ಬೆಳೆ ಕಾಯಬೇಕು, ಸತ್ತ ಸುದ್ದಿ ಮುಟ್ಟಿಸಬೇಕು. ಊರಿನ ಗಡಿ ಎಲ್ಲಿ, ಯಾರ ಬದು ಎಲ್ಲಿ, ಯಾವ ಕಲ್ಲು ಯಾವಾಗ ಸರಿಸಿದ್ದು, ಎಲ್ಲ ಅವನಿಗೇ ಗೊತ್ತು. ಜಗಳ ಬಂದ್ರೆ ಗಡಿ ತೋರಿಸೋಕೆ ಹೊಲೆಯನೇ ಬೇಕಿತ್ತು, ಇಡೀ ಹಳೇ ಮೈಸೂರು ಸೀಮೆಯಲ್ಲಿ ಕುಳವಾಡಿಗೆ ಇದ್ದ ಕೆಲಸ ಅದು. ತನಗೆ ಸೇರದ ನೆಲದ ಗಡಿಯನ್ನೆಲ್ಲ ತಲೆಯಲ್ಲಿ ಹೊತ್ತವನು ನಮ್ಮ ತಾತ. ಕೂಲಿ ಅಂತ ಸುಗ್ಗಿಯಲ್ಲಿ ಕಣದ ಮೂಲೆಯಿಂದ ಒಂದಷ್ಟು ಕಾಳು. ಜೊತೆಗೆ ಚಾಕರಿ ಮಾಡೋವರೆಗೂ ಉಣ್ಣು ಅಂತ ಒಂದೂವರೆ ಎಕರೆ ಖುಷ್ಕಿ, ತೋಟಿ ಇನಾಂ.

ವಿಲನ್ನಿನ ತುಂಡು ನೆಲದ ಹಾಗೇ ಅಲ್ವಾ? ಚಾಕರಿಗೆ ಅಂಟಿಕೊಂಡ ನೆಲ.

1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ವಂಶಪಾರಂಪರ್ಯ ಚಾಕರಿ ಹೋಯ್ತು, ಒಳ್ಳೇದೇ ಆಯ್ತು. ನೆಲವನ್ನ ಸರ್ಕಾರ ತಗೊಂಡು, ಹಣ ಕಟ್ಟಿಸ್ಕೊಂಡು ಅದೇ ಮನೆಯವರಿಗೆ ಮರುಮಂಜೂರು ಮಾಡೋದು ಅಂತ ಆಯ್ತು. ತಾತನ ಕೈಗೆ ಕಾಗದ ಬಂತು. ಕಾಗದದ ಹಿಂದೆಯೇ ಸಾಲ ಕೊಟ್ಟವನೂ ಬಂದ. ಎರಡು ಮದುವೆ, ಒಂದು ಖಾಯಿಲೆ, ಎರಡು ಹೆಬ್ಬೆಟ್ಟು. ಮುಗೀತು.

1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು, ದಲಿತರಿಗೆ ಮಂಜೂರಾದ ಜಮೀನು ಪರಭಾರೆ ಆಗಿದ್ರೆ ವಾಪಸ್ ಕೊಡಿಸೋಕೆ. 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ 'ತಡವಾಗಿ ಬಂದಿದೀರಿ' ಅನ್ನೋ ಒಂದೇ ಕಾರಣಕ್ಕೆ ಎಷ್ಟೋ ಅರ್ಜಿ ಬಿದ್ದುಹೋದವು. ನಾವೆಲ್ಲ ಬೀದಿಯಲ್ಲಿ ಕೂತ ಮೇಲೆ 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಆಯ್ತು. ಸಿಹಿ ಹಂಚಿದೆವು. ನಮ್ಮ ಚಿಕ್ಕಪ್ಪ ಹಳೇ ಕಾಗದದ ಗಂಟು ಹೊತ್ಕೊಂಡು ಕಚೇರಿಗೆ ಹೋದರು. ಅಲ್ಲಿ ಕಾಯ್ದೆಯ ಮೂರನೇ ಸೆಕ್ಷನ್ ತೋರಿಸಿದರು. 'ಮಂಜೂರಾದ ಜಮೀನು' ಅಂದ್ರೆ ಏನು ಅಂತ ವಿವರಿಸೋ ಜಾಗದಲ್ಲಿ, ಇನಾಂ ರದ್ದತಿಯಲ್ಲಿ ಸಿಕ್ಕಿದ ನೆಲವೂ ಸೇರುತ್ತೆ, ಆದ್ರೆ ವಂಶಪಾರಂಪರ್ಯ ಹುದ್ದೆಗೆ ಸಂಬಂಧಪಟ್ಟದ್ದು ಬಿಟ್ಟು ಅಂತಿದೆ. ಬಿಟ್ಟು. ತೋಟಿ ಅಂತ ಕರೆಸ್ಕೊಂಡು ಸಂಪಾದಿಸಿದ ಒಂದೇ ಒಂದು ಆಸ್ತಿ ತೋಟಿ ಅನ್ನೋ ಕಾರಣಕ್ಕೇ ಆ ಕಾಯ್ದೆಯ ರಕ್ಷಣೆಯಿಂದ ಹೊರಗೆ.

ಆ ಒಂದೂವರೆ ಎಕರೆಯಲ್ಲಿ ಈಗ ಏನಿದೆ ಅಂತೀರಾ? ಕನಕಪುರ ರಸ್ತೆಯಲ್ಲಿ ಹೋಗೋರು ಬೋರ್ಡುಗಳನ್ನ ನೋಡಿರ್ತೀರಿ. ವಿಲ್ಲಾಗಳು. ತ್ರೀ ಬಿಎಚ್‌ಕೆ, ಫೋರ್ ಬಿಎಚ್‌ಕೆ, ಗೇಟಿನಲ್ಲಿ ಸೆಕ್ಯುರಿಟಿ. ನಾನು ಡಿಕ್ಷನರಿಯಲ್ಲಿ ಲ್ಯಾಟಿನ್ ಪದ ನೋಡಿದ ದಿನ ಒಬ್ಬನೇ ನಕ್ಕುಬಿಟ್ಟೆ. ವಿಲ್ಲಾದವರು ವಿಲ್ಲಾದಲ್ಲೇ ಇದ್ದಾರೆ, ಬೆಳಗ್ಗೆ ಆರಕ್ಕೆ ಗೇಟಿನಲ್ಲಿ ಹೆಸರು ಬರೆಸಿ ಪಾತ್ರೆ ತೊಳೆಯೋಕೆ ಒಳಗೆ ಹೋಗೋಳು ನಮ್ಮ ಚಿಕ್ಕಪ್ಪನ ಸೊಸೆ.

ಇದು ನಮ್ಮ ಮನೆ ಕತೆ ಮಾತ್ರ ಅಲ್ಲ, ಈ ದಕ್ಷಿಣ ಬೆಂಗಳೂರಿನದೇ ಕತೆ. ಬಿ.ಟಿ.ಎಂ. ಅಂದ್ರೆ ಬೈರಸಂದ್ರ, ತಾವರೆಕೆರೆ, ಮಡಿವಾಳ, ಮೂರು ಹಳ್ಳಿಗಳನ್ನ ಮೂರು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದ್ದು. 1948ರಲ್ಲಿ ಶುರುವಾದ ಜಯನಗರದ ಬ್ಲಾಕುಗಳ ಕೆಳಗೆ, ಜೆ.ಪಿ. ನಗರದ ಫೇಸುಗಳ ಕೆಳಗೆ ಹಳ್ಳಿ ಮಲಗಿವೆ. ಬಡಾವಣೆಗೆ ನೆಲ ತಗೊಂಡಾಗ ಪರಿಹಾರ ಹೋದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಹೆಸರಿಲ್ಲದೆ ದುಡಿದವರಿಗೆ ಉಳಿದದ್ದು ಕೇರಿ, ಅದಕ್ಕೆ ಎ.ಕೆ. ಕಾಲೊನಿ ಅಂತ ಹೊಸ ಬೋರ್ಡು.

ಎ.ಕೆ. ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಹೊಲೆಯ, ಮಾದಿಗ ಅನ್ನೋ ಪದಗಳು ಕಿವಿಗೆ ಕಹಿ ಅಂತ ಮೈಸೂರು ಸಂಸ್ಥಾನದ ಕಾಲದಲ್ಲೇ ಆದಿ ಕರ್ನಾಟಕ ಅನ್ನೋ ಹೆಸರು ಬಂತು. ಕೇಳೋಕೆ ಎಷ್ಟು ಚಂದ, ಈ ನಾಡಿನ ಮೂಲದವರು. ಈಗ ಜಯನಗರದಲ್ಲಿ ಬಾಡಿಗೆ ಮನೆ ಕೇಳೋಕೆ ಹೋಗಿ 'ಎ.ಕೆ.' ಅನ್ನಿ ನೋಡೋಣ. ಹೊಲೆಯ ಅಂದಾಗ ಎಷ್ಟು ಬಾಗಿಲು ಮುಚ್ಚುತ್ತೋ ಅಷ್ಟೇ ಮುಚ್ಚುತ್ತೆ. 'ವೆಜ್ಜಾ ನಾನ್‌ವೆಜ್ಜಾ' ಅಂತ ಸುತ್ತಿಬಳಸಿ ಕೇಳೋದು ಆ ಮುಚ್ಚುವ ಶಬ್ದ ಕೇಳಿಸಬಾರದು ಅಂತ ಅಷ್ಟೇ.

2025ರ ಮೇ ತಿಂಗಳಲ್ಲಿ ನಾಗಮೋಹನ್ ದಾಸ್ ಆಯೋಗದ ಒಳಮೀಸಲಾತಿ ಸಮೀಕ್ಷೆ ಬಂದಾಗ ಈ ಚಂದದ ಹೆಸರು ನಮ್ಮ ಕಾಲಿಗೇ ತೊಡರಿಕೊಳ್ತು. 101 ಜಾತಿಗಳ ಪಟ್ಟಿಯಲ್ಲಿ ಎ.ಕೆ. ಅಂದ್ರೆ ಒಂದು ಜಿಲ್ಲೆಯಲ್ಲಿ ಹೊಲೆಯ, ಇನ್ನೊಂದರಲ್ಲಿ ಮಾದಿಗ. ನಮ್ಮ ಮನೆಗೆ ಬಂದ ಟೀಚರಮ್ಮ ದನಿ ಇಳಿಸಿ ಕೇಳಿದರು, 'ಅಮ್ಮಾ, ಎ.ಕೆ. ಅಂದ್ರೆ ಬಲಗೈಯಾ, ಎಡಗೈಯಾ? ಮೂಲ ಜಾತಿ ಹೇಳಬೇಕು.' ಪಕ್ಕದ ಮನೆ ಕಿಟಕಿ ತೆರೆದಿತ್ತು. ಅವ್ವ ಆ ಕಡೆ ಒಂದು ಸಲ ನೋಡಿ, ಜೋರಾಗಿಯೇ ಹೇಳಿದಳು. 'ಹೊಲೇರು ಅಂತ ಬರ್ಕೊಳ್ಳಿ ಮೇಡಂ. ಅದ್ರಲ್ಲೇನೈತೆ ಗುಟ್ಟು, ಊರಿಗೇ ಗೊತ್ತಿರೋದು.' ಅದೇ ವಾರ ನಮ್ಮ ದೊಡ್ಡಮ್ಮನ ಮಗ, ಬನ್ನೇರುಘಟ್ಟ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿರೋನು, 'ಆನ್‌ಲೈನಲ್ಲಿ ಕೊಟ್ಟಾಗಿದೆ' ಅಂತ ಸುಳ್ಳು ಹೇಳಿ ಬಾಗಿಲು ಹಾಕ್ಕೊಂಡ. ನಾನು ಅವನನ್ನ ಬೈಯಲ್ಲ. ಅವನ ಮಕ್ಕಳು ಅದೇ ಲಿಫ್ಟಿನಲ್ಲಿ ಓಡಾಡಬೇಕು. ಬೇರೆ ಜಿಲ್ಲೆಗಳಿಗಿಂತ ಬೆಂಗಳೂರಲ್ಲಿ ಸಮೀಕ್ಷೆ ಹಿಂದೆ ಬಿದ್ದದ್ದಕ್ಕೆ ಸೋಮಾರಿತನ ಕಾರಣ ಅಂತ ಟೀವಿಯವರು ಹೇಳಿದರು. ಭಯವೂ ಒಂದು ಕಾರಣ ಅಂತ ಯಾರೂ ಹೇಳಲಿಲ್ಲ.

ಪದ ಬದಲಾಯಿಸೋದು ತಪ್ಪು ಅಂತ ನಾನು ಹೇಳ್ತಿಲ್ಲ. ಬೈಗುಳದ ಮೇಲೆ ಕೇಸ್ ಹಾಕಲೇಬೇಕು, ಹಾಕ್ತೀವಿ. ಆದ್ರೆ ಒಂದೊಂದು ಸಲ ನಮ್ಮ ಇಡೀ ವಾರ ಒಬ್ಬ ನಟನ ಬಾಯಿಂದ ಜಾರಿದ ಗಾದೆಯ ಹಿಂದೆ ಹೋಗುತ್ತೆ, ಮೂರನೇ ಸೆಕ್ಷನ್ನಿನ ಆ ಸಣ್ಣ 'ಬಿಟ್ಟು' ಅನ್ನೋದರ ಹಿಂದೆ ಒಂದು ದಿನವೂ ಹೋಗಲ್ಲ. ಗಾದೆಗಿಂತ ನಮ್ಮನ್ನ ಕೇರಿಯಲ್ಲಿ ಗಟ್ಟಿಯಾಗಿ ಕಟ್ಟಿಹಾಕಿರೋದು ಆ ಒಂದು ಪದ. ಅದಕ್ಕೆ ತಿದ್ದುಪಡಿ ಕೇಳೋಣ ಅಂತ ಕೆಲವರು ಸೇರಿ ಅರ್ಜಿ ತಯಾರು ಮಾಡ್ತಿದೀವಿ.

ಅದಕ್ಕೆ ಲೆಕ್ಕ ಬೇಕು. ಬೆಂಗಳೂರು ದಕ್ಷಿಣ ತಾಲ್ಲೂಕು, ಆನೇಕಲ್, ಕನಕಪುರ ಕಡೆಯವರು ಯಾರ ಮನೆಯಲ್ಲಾದ್ರೂ ತೋಟಿ, ತಳವಾರಿಕೆ, ನೀರಗಂಟಿ ಇನಾಂ ಜಮೀನಿದ್ದು ಕೈ ತಪ್ಪಿದ್ರೆ ಅಜ್ಜಿ ಟ್ರಂಕು ತೆಗೆದು ನೋಡಿ. ಮರುಮಂಜೂರಾತಿ ಆದೇಶ, ಕಂದಾಯ ಕಟ್ಟಿದ ರಸೀದಿ, ಹಳೇ ಕೈಬರಹದ ಪಹಣಿ, ಕ್ರಯಪತ್ರದ ನಕಲು, ಏನಿದ್ರೂ ಸರಿ. ಸರ್ವೆ ನಂಬರ್ ಗೊತ್ತಿದ್ರೆ ಅದಷ್ಟೇ ಸಾಕು, ಉಳಿದದ್ದನ್ನ ರೆಕಾರ್ಡ್ ರೂಮಿನಿಂದ ತೆಗೆಸೋಣ. ಒರಿಜಿನಲ್ ಯಾರ ಕೈಗೂ ಕೊಡಬೇಡಿ, ನನಗೂ ಕೊಡಬೇಡಿ, ಜೆರಾಕ್ಸ್ ತನ್ನಿ. ಭಾನುವಾರ ಸಂಜೆ ನಾಲ್ಕಕ್ಕೆ, ಸಂಜೆ ಪಾಠ ನಡೆಯೋ ಜಾಗದಲ್ಲೇ. ಹೆಂಗಸರು ಬರಲೇಬೇಕು, ಬದು ಎಲ್ಲಿತ್ತು ಅಂತ ಗಂಡಸರಿಗಿಂತ ಅವರಿಗೇ ಚೆನ್ನಾಗಿ ನೆನಪಿರುತ್ತೆ.

ಜೈಭೀಮ್.